ಮೊದಲು ಕೇಳಿದವರು ಯಾರು?

1930ನೆಯ ಇಸವಿ ಜುಲೈ 13, ಭಾನುವಾರ. ಅಮೆರಿಕ ಸಂಯುಕ್ತ ಸಂಸ್ಥಾನದ ಉತ್ತರ ಕ್ಯಾರೊಲೈನಾ ಪ್ರಾಂತದ ಬೆಟ್ಟಸೀಮೆಯಲ್ಲಿ, ಕ್ಯಾಂಟನ್ ಎಂಬ ಚಿಕ್ಕ ಊರಿನ ಸಮೀಪದ ಒಂದು ಮನೆಗೆ ನಾಲ್ವರು ಅತಿಥಿಗಳು ಬಂದರು. ಮೂವರು ಅದೇ ಸೀಮೆಯವರು, ಮನೆಯ ಯಜಮಾನನಿಗೆ ಚೆನ್ನಾಗಿ ಪರಿಚಿತರು. ನಾಲ್ಕನೆಯವನು ಹೊಸಬ. ತಾನು ಷಾರ್ಲಟ್ ನಗರದವನೆಂದೂ, ಸದ್ಯಕ್ಕೆ ನೆರೆಯ ಊರಿನಲ್ಲಿ ಇಳಿದುಕೊಂಡಿರುವುದಾಗಿಯೂ ಅವನು ಹೇಳಿಕೊಂಡ.

ಮಾತಿಗೆ ಮಾತು ಬೆಳೆಯಿತು. ಯಜಮಾನನು ಮೊದಲನೆಯ ಮಹಾಯುದ್ಧದಲ್ಲಿ 30ನೆಯ ಡಿವಿಜನ್ನಿನ ಸಿಪಾಯಿಯಾಗಿದ್ದವನೆಂದು ತಿಳಿದಾಗ ಹೊಸಬನು ತಾನೂ ಅದೇ ಡಿವಿಜನ್ನಿನವನೆಂದ. ಇದು ಸುಳ್ಳಲ್ಲ. ಅವನು ನಿಜವಾಗಿಯೂ ಆ ಡಿವಿಜನ್ನಿನಲ್ಲಿ ಇದ್ದವನೇ. ಸ್ವಲ್ಪ ಹೊತ್ತಿನ ಬಳಿಕ, ಕುಡಿಯುವುದಕ್ಕೆ ಏನಾದರೂ ದೊರಕಿಸಿಕೊಡಲು ಸಾಧ್ಯವೇ ಎಂದು ವಿಚಾರಿಸಿದ. ತನ್ನಲ್ಲಿ ಇಲ್ಲವೆಂದು ಯಜಮಾನನು ಉತ್ತರವಿತ್ತ. ಎರಡನೆಯ ಸಲ ಕೇಳಿದಾಗಲೂ ಪ್ರಯೋಜನವಾಗಲಿಲ್ಲ. ಬಂದಿದ್ದವರಲ್ಲಿ ಇನ್ನೊಬ್ಬನೂ ಹಳೆಯ ಸಿಪಾಯಿ. ಮೂವರೂ ಸೇರಿ ರಣರಂಗದ ನೆನಪುಗಳನ್ನು ಕೆದಕಿದರು. ಎದೆ ಕರಗಿದ ಆ ಹೊತ್ತಿನಲ್ಲಿ ಹೊಸಬನು ಮತ್ತೊಮ್ಮೆ ಕೇಳಿದ. ಯಜಮಾನನು ಎದ್ದು ಹೊರಗೆ ಹೋಗಿ, ಕೆಲವು ನಿಮಿಷಗಳಲ್ಲಿ ಅರ್ಧ ಗ್ಯಾಲನ್ ವಿಸ್ಕಿಯೊಡನೆ ಹಿಂದಿರುಗಿದ. ಹೊಸಬನು 5 ಡಾಲರುಗಳನ್ನು ಎಣಿಸಿ ಕೊಟ್ಟ.

ಅಮೆರಿಕದಲ್ಲಿ ಆಗ ಪಾನನಿರೋಧದ ಕಾಯಿದೆ ಜಾರಿಯಲ್ಲಿತ್ತು. ಹೊಸಬನು ಆ ಕಾಯಿದೆಯನ್ನು ನಡೆಸುವುದಕ್ಕೆಂದೇ ನೇಮಕವಾಗಿದ್ದ ಸರ್ಕಾರಿ ಅಧಿಕಾರಿ. ಮನೆಯ ಯಜಮಾನ ಸಾರೆಲ್ಸ್‌ನ ಮೇಲೆ ಮೊಕದ್ದಮೆ ಹೂಡಲಾಯಿತು.

ವಿಚಾರಣೆಯಲ್ಲಿ ಅಧಿಕಾರಿಯು ಏನನ್ನೂ ಮುಚ್ಚಿಡಲಿಲ್ಲ. ಅಲ್ಲಿದ್ದವರಲ್ಲಿ ಮದ್ಯದ ಮಾತನ್ನು ಎತ್ತಿದವನು ತಾನೊಬ್ಬನೇ, ಸಾರೆಲ್ಸ್‌ನ ಮೇಲೆ ಮೊಕದ್ದಮೆ ಹೂಡುವುದೇ ತನ್ನ ಉದ್ದೇಶವಾಗಿತ್ತು ಎಂದು ಅವನೇ ಒಪ್ಪಿಕೊಂಡ. ಸಾರೆಲ್ಸನು 1924ರಿಂದ ಒಂದೇ ಕಾರ್ಖಾನೆಯಲ್ಲಿ ತಪ್ಪದೆ ದುಡಿದು ಸಂಬಳ ತರುತ್ತಿದ್ದವನೆಂದು ಸಾಕ್ಷ್ಯ ಬಂತು. ತಾನು ವಿಸ್ಕಿಯ ಗೊಡವೆಗೆ ಹೋಗುವವನಲ್ಲವೆಂದು ಅವನು ಮೊದಲಿಗೆ ಹೇಳಿದ್ದನ್ನೂ, ಅತಿಥಿಯು ನಾಲ್ಕೈದು ಸಲ ಕಾಡಿದ್ದನ್ನೂ ಕಿವಿಯಾರ ಕೇಳಿದವರಿದ್ದರು. ಆದರೆ ಕೆಳಗಿನ ನ್ಯಾಯಸ್ಥಾನವು ಈ ಪ್ರಶ್ನೆಯನ್ನು ಜೂರಿಯ ಮುಂದಿಡುವುದಕ್ಕೇ ಒಪ್ಪಲಿಲ್ಲ. ಮದ್ಯ ಮಾರಿದ್ದು ನಿಜ, ಮಾರಾಟ ನಿಷಿದ್ಧ, ಮಿಕ್ಕದ್ದೆಲ್ಲ ಅಪ್ರಸ್ತುತ. 18 ತಿಂಗಳ ಸೆರೆವಾಸ ವಿಧಿಸಲಾಯಿತು. ಮೇಲಿನ ನ್ಯಾಯಸ್ಥಾನವೂ ಅದನ್ನೇ ಎತ್ತಿಹಿಡಿಯಿತು.

ಕಾನೂನಿನ ಹಳೆಯ ದೃಷ್ಟಿಯೂ ಇದೇ ಆಗಿತ್ತು. ಯಾರೋ ಆಸೆ ತೋರಿಸಿದರೆಂಬ ಕಾರಣದಿಂದ ಮಾಡಿದ ತಪ್ಪು ತಪ್ಪಲ್ಲವೆನಿಸದು. 1864ರಲ್ಲಿ ನ್ಯೂಯಾರ್ಕಿನ ನ್ಯಾಯಸ್ಥಾನವೊಂದು ಬೈಬಲ್ಲಿನ ಆದಿಮಾತೆಯನ್ನೇ ಇದಕ್ಕೆ ಉದಾಹರಿಸಿತು. ಸರ್ಪವು ಮರುಳುಗೊಳಿಸಿದ್ದರಿಂದ ಹಣ್ಣನ್ನು ತಿಂದೆನೆಂಬ ಆಕೆಯ ವಾದವೇ ಈ ಬಗೆಯ ವಾದಗಳಲ್ಲಿ ಮೊದಲನೆಯದು. ಅದು ಅಂದೂ ನಡೆಯಲಿಲ್ಲ, ಇಂದೂ ನಡೆಯದು ಎಂಬುದು ಆ ನ್ಯಾಯಸ್ಥಾನದ ಅಭಿಪ್ರಾಯ. ನಮ್ಮ ಪುರಾಣಗಳ ರೀತಿಯಾದರೂ ಬೇರೆಯೇನಲ್ಲ. ಮೇನಕೆಯನ್ನು ಕಳುಹಿಸಿದ ದೇವೇಂದ್ರನನ್ನು ಯಾರೂ ವಿಚಾರಣೆಗೆ ಕರೆಯಲಿಲ್ಲ. ತಪಸ್ಸು ಕೆಟ್ಟಿತೆಂಬ ಲೆಕ್ಕವನ್ನು ಬರೆದದ್ದು ವಿಶ್ವಾಮಿತ್ರನ ಹೆಸರಿಗೇ. ಆದರೆ ಆಸೆ ತೋರಿಸಿದವನು ಊರಿನ ಪೋಕರಿಯಾಗಿರದೆ, ಶಿಕ್ಷಿಸುವ ಸರ್ಕಾರವೇ ಆಗಿದ್ದರೆ?

ಅಮೆರಿಕದ ಸುಪ್ರೀಂ ಕೋರ್ಟು 1932ರ ಡಿಸೆಂಬರ್ 19ರಂದು ಸಾರೆಲ್ಸ್‌ನ ಅಪೀಲಿನಲ್ಲಿ ಈ ಪ್ರಶ್ನೆಗೆ ಉತ್ತರವಿತ್ತಿತು. ಮುಖ್ಯ ನ್ಯಾಯಾಧೀಶರಾದ ಚಾರ್ಲ್ಸ್ ಇವಾನ್ಸ್ ಹ್ಯೂಸ್ ಬರೆದ ತೀರ್ಪಿನ ತಾತ್ಪರ್ಯ ಹೀಗೆ: ಅಪರಾಧಿಯನ್ನು ಹಿಡಿಯಲು ಅಧಿಕಾರಿಗಳು ವೇಷ ಮರೆಸಿಕೊಳ್ಳಬಹುದು, ಉಪಾಯ ಹೂಡಬಹುದು, ಅದರಲ್ಲಿ ತಪ್ಪಿಲ್ಲ. ಆದರೆ ಅಪರಾಧದ ಯೋಚನೆಯೇ ಅಧಿಕಾರಿಯ ತಲೆಯಲ್ಲಿ ಹುಟ್ಟಿ, ಅವನು ಅದನ್ನು ನಿರ್ದೋಷಿಯೊಬ್ಬನ ಮನಸ್ಸಿನಲ್ಲಿ ಬಿತ್ತಿ, ಬೆಳೆ ಬಂದಾಗ ಅವನನ್ನು ಹಿಡಿದು ಶಿಕ್ಷಿಸಲೆಂದು ಶಾಸನಸಭೆ ಕಾಯಿದೆ ಮಾಡಿರಲಾರದು. ಆದುದರಿಂದ ಈ ವಾದವನ್ನು ಜೂರಿಯ ಮುಂದೆ ಇಡಲೇಬೇಕು. ಶಿಕ್ಷೆಯ ತೀರ್ಪು ರದ್ದಾಯಿತು. ಮರುವರ್ಷದ ಡಿಸೆಂಬರಿನಲ್ಲಿ ಪಾನನಿರೋಧವೇ ಅಮೆರಿಕದಿಂದ ಮಾಯವಾಯಿತು. ಆ ಅರ್ಧ ಗ್ಯಾಲನ್ ವಿಸ್ಕಿಯಿಂದ ಹುಟ್ಟಿದ ಕಾನೂನು ಮಾತ್ರ ಉಳಿಯಿತು.

ಆದರೆ ಹ್ಯೂಸರು ತೆರೆದ ಬಾಗಿಲಿಗೆ ಒಂದು ಮುಳ್ಳಿನ ಹೊಸ್ತಿಲೂ ಇತ್ತು. ಸರ್ಕಾರವೇ ತನ್ನನ್ನು ಕೆಡಿಸಿತೆಂದು ಹೇಳುವವನು ತಾನು ಮೊದಲು ಕೆಟ್ಟಿರಲಿಲ್ಲವೇ ಎಂಬ ಶೋಧನೆಗೆ ಮೈಯೊಡ್ಡಬೇಕು. ಅವನ ನಡತೆ, ಹಿಂದಿನ ಚರಿತ್ರೆ, ಅಪರಾಧದ ಕಡೆಗೆ ಅವನಿಗಿದ್ದ ಒಲವು, ಎಲ್ಲವೂ ಸಾಕ್ಷ್ಯಕ್ಕೆ ಬರುತ್ತವೆ. ಸಾರೆಲ್ಸ್‌ನ ವಿಚಾರಣೆಯಲ್ಲೇ ಸರ್ಕಾರದ ಕಡೆಯ ಮೂವರು ಬಂದು, ಅವನು ಕಳ್ಳಸಾರಾಯಿಯ ವ್ಯಾಪಾರಿಯೆಂದು ಊರಿನಲ್ಲಿ ಜನ ಆಡಿಕೊಳ್ಳುತ್ತಾರೆಂದು ಹೇಳಿದ್ದರು. ಅವನು ಅದಕ್ಕೆ ಹಿಂದೆ ಒಂದು ಹನಿಯನ್ನಾದರೂ ಇಟ್ಟಿದ್ದನೆಂದಾಗಲಿ ಮಾರಿದ್ದನೆಂದಾಗಲಿ ಯಾರೂ ತೋರಿಸಲಿಲ್ಲ. ಊರಿನ ಗಾಳಿಮಾತು ಮಾತ್ರ ನ್ಯಾಯಸ್ಥಾನವನ್ನು ಪ್ರವೇಶಿಸಿತು.

ಇದನ್ನು ಕಂಡೇ ನ್ಯಾಯಾಧೀಶ ಓವೆನ್ ರಾಬರ್ಟ್ಸ್ ಬೇರೊಂದು ಅಭಿಪ್ರಾಯ ಬರೆದರು. ಬ್ರ್ಯಾಂಡೈಸ್ ಮತ್ತು ಸ್ಟೋನ್ ಅವರ ಜೊತೆಗೂಡಿದರು. ಶೋಧಿಸಬೇಕಾದದ್ದು ಆಪಾದಿತನ ಪೂರ್ವಾಪರವನ್ನಲ್ಲ, ಅಧಿಕಾರಿಯ ನಡತೆಯನ್ನು. ನ್ಯಾಯದೇಗುಲವು ತನ್ನ ಮಡಿಯನ್ನು ಕಾಪಾಡಿಕೊಳ್ಳುವುದಕ್ಕಾಗಿ ಇಂಥ ಮೊಕದ್ದಮೆಗಳನ್ನು ಹೊರಗೆ ಅಟ್ಟಬೇಕು. ಹಾಗೆ ಮಾಡಬೇಕಾದವರು ಜೂರಿಯಲ್ಲ, ನ್ಯಾಯಾಧೀಶರೇ ಎಂದು ಅವರ ವಾದ. ಕೆಟ್ಟ ಹೆಸರಿನವನಿಗೂ ಇದರಿಂದ ರಕ್ಷಣೆ ಸಿಕ್ಕುತ್ತಿತ್ತು. ಈ ಪಕ್ಷವೇ ಹೆಚ್ಚು ಗಟ್ಟಿಯಾದದ್ದೆಂದು ತೋರುತ್ತದೆ. ಆದರೆ ಬಹುಮತ ದೊರೆತದ್ದು ಹ್ಯೂಸರಿಗೆ.

ಕೆಟ್ಟ ಹೆಸರಿನವನ ಪ್ರಶ್ನೆಯು 1958ರಲ್ಲಿ ಷರ್ಮನ್ ಎಂಬವನ ಮೊಕದ್ದಮೆಯಲ್ಲಿ ನೇರವಾಗಿಯೇ ಎದುರಾಯಿತು. ಇವನು ಮಾದಕವಸ್ತುವಿನ ಚಟಕ್ಕೆ ಸಿಕ್ಕಿ, ಹಿಂದೆ ಎರಡು ಸಲ ಶಿಕ್ಷೆ ಅನುಭವಿಸಿ, ಈಗ ಅದನ್ನು ಬಿಡಬೇಕೆಂದು ವೈದ್ಯರೊಬ್ಬರಲ್ಲಿಗೆ ಹೋಗುತ್ತಿದ್ದವನು. ಅಲ್ಲಿ ಅದೇ ಚಿಕಿತ್ಸೆಗೆಂದು ಬರುತ್ತಿದ್ದ ಇನ್ನೊಬ್ಬನ ಪರಿಚಯವಾಯಿತು. ಚಿಕಿತ್ಸೆ ತನಗೆ ಹಿಡಿಸುತ್ತಿಲ್ಲ, ಸಂಕಟ ತಾಳಲಾರೆ, ಮಾಲು ದೊರಕುವ ಜಾಗ ತೋರಿಸು ಎಂದು ಆ ಗೆಳೆಯನು ಅಂಗಲಾಚಿದ. ಷರ್ಮನ್ ಮೊದಲು ಮಾತು ತಪ್ಪಿಸಿದ. ಅನೇಕ ಸಲ ಬೇಡಿದ ಮೇಲೆ ಒಪ್ಪಿದ. ತಂದ ಮಾಲನ್ನು ಕೊಂಡ ಬೆಲೆಗೇ ಹಂಚಿಕೊಟ್ಟ. ಹೋಗಿಬರುವ ಖರ್ಚಿನ ಹೊರತು ಹೆಚ್ಚೇನೂ ಪಡೆಯಲಿಲ್ಲ. ಬಿಡಲು ಹೊರಟಿದ್ದ ಚಟಕ್ಕೆ ತಾನೂ ಮತ್ತೆ ಬಿದ್ದ. ಗೆಳೆಯನಾದರೋ ಸರ್ಕಾರದ ಬೇಹಿನವನು, ಅದೂ ತನ್ನ ಮೇಲೆಯೇ ಮೊಕದ್ದಮೆಯಿದ್ದವನು. ಷರ್ಮನ್‌ಗೆ 10 ವರ್ಷಗಳ ಶಿಕ್ಷೆಯಾಗಿತ್ತು.

ಮುಖ್ಯ ನ್ಯಾಯಾಧೀಶ ಅರ್ಲ್ ವಾರೆನ್ ಆ ಶಿಕ್ಷೆಯನ್ನು ತೆಗೆದುಹಾಕಿದರು. 5 ವರ್ಷ, 9 ವರ್ಷಗಳ ಹಿಂದಿನ ಶಿಕ್ಷೆಗಳು, ಗುಣವಾಗಲೆಂದು ಹೆಣಗುತ್ತಿದ್ದ ಮನುಷ್ಯನು ವ್ಯಾಪಾರಕ್ಕೆ ಸಿದ್ಧನಾಗಿ ಕುಳಿತಿದ್ದನೆಂದು ತೋರಿಸುವುದಕ್ಕೆ ಸಾಲವೆಂದರು. ಎಚ್ಚರದಪ್ಪಿದ ನಿರಪರಾಧಿಗೆ ಒಡ್ಡಿದ ಬಲೆಯೇ ಬೇರೆ, ಎಚ್ಚರದಪ್ಪಿದ ಅಪರಾಧಿಗೆ ಒಡ್ಡಿದ ಬಲೆಯೇ ಬೇರೆ ಎಂಬ ಅವರ ವಿಂಗಡಣೆ ಇಂದಿಗೂ ಪ್ರಸಿದ್ಧ. ಎರಡನೆಯ ಬಲೆಗೆ ಆಕ್ಷೇಪವಿಲ್ಲವೆಂಬುದು 1973ರ ರಸೆಲ್ ಮೊಕದ್ದಮೆಯಲ್ಲಿ ಸ್ಪಷ್ಟವಾಯಿತು. ಅಲ್ಲಿ ಮಾದಕವಸ್ತು ತಯಾರಿಸುವವರಿಗೆ ಸುಲಭವಾಗಿ ದೊರಕದ ರಾಸಾಯನಿಕವನ್ನು ಒದಗಿಸಿದವನೇ ಸರ್ಕಾರದ ಆಳು. ಆದರೂ ತಯಾರಕರು ಮೊದಲಿನಿಂದಲೂ ಆ ಕೆಲಸಕ್ಕೆ ಒಲಿದವರೇ ಆಗಿದ್ದುದರಿಂದ ಶಿಕ್ಷೆ ಉಳಿಯಿತು. ಇಂಗ್ಲೆಂಡಿನವರು ಮಾತ್ರ ಬೇರೆ ದಾರಿ ಹಿಡಿದರು. ಅಲ್ಲಿ ಇದು ಆಪಾದಿತನ ಪ್ರತಿವಾದವೇ ಅಲ್ಲ. ಆದರೆ ಅಧಿಕಾರಿಗಳೇ ಅಪರಾಧವನ್ನು ಹುಟ್ಟಿಸಿದ್ದರೆ, ನ್ಯಾಯಸ್ಥಾನದ ದುರುಪಯೋಗವಾಯಿತೆಂದು ವಿಚಾರಣೆಯನ್ನೇ ತಡೆಯಬಹುದೆಂದು 2001ರ ಲೂಸ್ಲಿ ಮೊಕದ್ದಮೆಯಲ್ಲಿ ತೀರ್ಮಾನವಾಯಿತು. ರಾಬರ್ಟ್ಸರ ಮಾತು ಸಮುದ್ರ ದಾಟಿ ಅಲ್ಲಿ ಫಲಿಸಿತೆನ್ನಬಹುದು.

ಭಾರತದಲ್ಲಿ ಇದೇ ಪ್ರಶ್ನೆ ಎದ್ದದ್ದು ಮದ್ಯದ ಸೀಸೆಯಿಂದಲ್ಲ, ಲಂಚದ ನೋಟಿನಿಂದ. ಹಳೆಯ ದಂಡಸಂಹಿತೆಯಲ್ಲಾಗಲಿ, 2024ರ ಜುಲೈ 1ರಿಂದ ಅದರ ಸ್ಥಾನಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಾಗಲಿ ‘ಸರ್ಕಾರವೇ ನನ್ನನ್ನು ಪ್ರೇರಿಸಿತು’ ಎಂಬ ಪ್ರತಿವಾದಕ್ಕೆ ಪ್ರತ್ಯೇಕವಾದ ಕಲಮಿಲ್ಲ. ಆದರೂ ನಮ್ಮ ಸುಪ್ರೀಂ ಕೋರ್ಟು ಪ್ರಾರಂಭದ ವರ್ಷಗಳಲ್ಲೇ ಕಟುವಾದ ಮಾತುಗಳನ್ನಾಡಿತು. ವಿಂಧ್ಯಪ್ರದೇಶದ ಸಚಿವರೊಬ್ಬರು ಪನ್ನಾದ ವಜ್ರದ ಗಣಿಯ ಸಂಬಂಧದಲ್ಲಿ 25,000 ರೂಪಾಯಿ ಲಂಚ ಪಡೆದರೆಂಬ ಮೊಕದ್ದಮೆಯಲ್ಲಿ, ಕೊಡುವವನಿಗೆ ಹಣವನ್ನು ಒದಗಿಸಿದ್ದು ಸರ್ಕಾರದ ಕಡೆಯವರೇ. ಲಂಚವನ್ನು ಪತ್ತೆಮಾಡಲು ಬೋನು ಇಡುವುದು ಕೆಲವೊಮ್ಮೆ ಅನಿವಾರ್ಯ. ಆದರೆ ಕೊಡುವವನಲ್ಲಿ ಹಣವೂ ಇಲ್ಲ, ಹೊಂದಿಸುವ ಶಕ್ತಿಯೂ ಇಲ್ಲದಿರುವಾಗ ಪೋಲೀಸರೇ ಹಣ ಕೊಟ್ಟು ಲಂಚವನ್ನು ನಡೆಯಿಸುವುದಕ್ಕೆ ಸಮರ್ಥನೆಯಿಲ್ಲವೆಂದು 1954ರಲ್ಲಿ ಕೋರ್ಟು ಹೇಳಿತು. 1956ರಲ್ಲಿ ಬಿಹಾರದ ರಾಮಜನಂ ಸಿಂಗ್ ಮೊಕದ್ದಮೆಯ ತೀರ್ಪಿನಲ್ಲಿ ನ್ಯಾಯಾಧೀಶ ವಿವಿಯನ್ ಬೋಸ್ ಇನ್ನೂ ಮುಂದೆ ಹೋದರು. ಮನುಷ್ಯನ ಒಲವು ಎಂಥದೇ ಇರಲಿ, ಅವನ ದುರ್ಬಲವಾದ ತಾಳ್ಮೆಗೆ ಮೀರಿದ ಆಸೆಯನ್ನು ಯಾರೂ ಬೇಕೆಂದು ಅವನಿಗೆ ಒಡ್ಡಬಾರದು, ಅದರಲ್ಲಿಯೂ ಕಾನೂನನ್ನು ಕಾಯುವವರು ಒಡ್ಡಬಾರದೆಂದು ನಿರೀಕ್ಷಿಸುವ ಹಕ್ಕು ಅವನಿಗಿದೆ ಎಂದರು. ಅಪರಾಧಕ್ಕೆ ಟೊಂಕಕಟ್ಟಿ ನಿಂತವನನ್ನು ಬಯಲಿಗೆಳೆಯುವುದು ಬೇರೆ. ಮಾಡಬಾರದೆಂದು ದೃಢವಾಗಿ ನಿಶ್ಚಯಿಸಿದ್ದನ್ನು ಮಾಡೆಂದು ಹುರಿದುಂಬಿಸುವುದು ಬೇರೆ.

1958ರಲ್ಲಿ ಬಸಾವನ್ ಸಿಂಗ್ ಮೊಕದ್ದಮೆಯಲ್ಲಿ ಐವರು ನ್ಯಾಯಾಧೀಶರ ಪೀಠವು ಈ ಬಿಗಿಯನ್ನು ಸ್ವಲ್ಪ ಸಡಿಲಿಸಿತು. ಬೋನಿಡುವುದರಲ್ಲಿ ಪಾಲ್ಗೊಂಡ ಸಾಕ್ಷಿಗಳು ಪಕ್ಷಪಾತಿಗಳಾಗಿರಬಹುದು, ಅವರ ಮಾತನ್ನು ಎಚ್ಚರದಿಂದ ತೂಗಬೇಕು. ಆದರೆ ಅವರನ್ನು ಸಾರಾಸಗಟಾಗಿ ಅಪರಾಧದ ಪಾಲುದಾರರೆಂದು ತಳ್ಳಿಹಾಕಬೇಕಾಗಿಲ್ಲ. ಲಂಚಕೋರರೂ ಬದುಕಿರುವ ದೇಶದಲ್ಲಿ ಈ ಸಡಿಲಿಕೆಯನ್ನು ಪೂರ್ತಿಯಾಗಿ ದೂರುವಂತೆಯೂ ಇಲ್ಲ.

ಇಂದು ಕರ್ನಾಟಕದಲ್ಲಿ ಲೋಕಾಯುಕ್ತ ಪೋಲೀಸರು ಬೋನಿಡುವ ಕ್ರಮವನ್ನು ಪತ್ರಿಕೆ ಓದುವವರೆಲ್ಲ ಬಲ್ಲರು. ಮೊದಲು ದೂರು, ಬಳಿಕ ಪಂಚರ ಮುಂದೆ ನೋಟುಗಳ ಸಂಖ್ಯೆಗಳನ್ನು ಬರೆದುಕೊಂಡು, ಅವುಗಳಿಗೆ ಫಿನಾಫ್ತಲೀನ್ ಪುಡಿಯನ್ನು ಸವರಿ, ಮಹಜರು ನಡೆಸುತ್ತಾರೆ. ನೋಟು ಮುಟ್ಟಿದ ಕೈಯನ್ನು ಸೋಡಿಯಂ ಕಾರ್ಬೊನೇಟ್ ಬೆರೆಸಿದ ನೀರಿನಲ್ಲಿ ತೊಳೆಯಿಸಿದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ನೋಡುವವರಿಗೆ ಅಲ್ಲಿಗೆ ನಾಟಕ ಮುಗಿಯಿತು. ವಕೀಲರಿಗಾದರೋ ಅಲ್ಲಿಂದ ಮೊದಲು. ಕೈ ನೋಟನ್ನು ಮುಟ್ಟಿತೆಂಬುದನ್ನು ಆ ನೀರು ಹೇಳೀತು. ಆ ನೋಟನ್ನು ಕೇಳಿದ್ದರೇ, ಅಥವಾ ಬೇಡವೆನ್ನುತ್ತಿರುವಾಗಲೇ ಮೇಜಿನ ಮೇಲಿಟ್ಟು ಹೋದರೇ ಎಂಬುದನ್ನು ಹೇಳಲಾರದು. ಇದಕ್ಕಾಗಿಯೇ ದೂರುದಾರನ ಬೆನ್ನಿಗೆ, ಆಡಿದ ಮಾತನ್ನು ಕೇಳಿಸಿಕೊಳ್ಳಲೆಂದು ಒಬ್ಬ ಸಾಕ್ಷಿಯನ್ನು ಕಳುಹಿಸುವುದು.

ಬೇಡಿಕೆಯನ್ನು ಸಿದ್ಧಪಡಿಸದೆ ಬರಿಯ ನೋಟು ಸಿಕ್ಕಿತೆಂದು ಶಿಕ್ಷಿಸಲಾಗದೆಂದು ಸುಪ್ರೀಂ ಕೋರ್ಟು 2014ರ ಬಿ. ಜಯರಾಜ್ ಮೊಕದ್ದಮೆಯಲ್ಲಿ ಹೇಳಿತು. ದೂರುದಾರನು ತೀರಿಕೊಂಡರೂ ಪ್ರತಿಕೂಲ ಸಾಕ್ಷಿ ನುಡಿದರೂ ಬೇಡಿಕೆಯನ್ನು ಸಾಂದರ್ಭಿಕ ಸಾಕ್ಷ್ಯದಿಂದ ಸಿದ್ಧಪಡಿಸಬಹುದೆಂದು 2022ರ ಡಿಸೆಂಬರಿನಲ್ಲಿ, ನೀರಜ್ ದತ್ತಾ ಮೊಕದ್ದಮೆಯಲ್ಲಿ, ಐವರ ಪೀಠವು ನಿರ್ಣಯಿಸಿತು. ಅದೇ ತೀರ್ಪಿನಲ್ಲಿ ಇನ್ನೊಂದು ಮಾತೂ ಇದೆ: ತಾನಾಗಿ ಕೇಳದಿದ್ದರೂ, ಕೊಡಬಂದವನಿಂದ ಲಂಚವೆಂದು ತಿಳಿದೇ ಕೈಯೊಡ್ಡಿದ ನೌಕರನು ಅಪರಾಧಿಯೇ. ಹೀಗಾಗಿ ಕ್ಯಾಂಟನ್ನಿನ ಆ ಸಿಪಾಯಿಗೆ ದೊರೆತಷ್ಟು ಆಸರೆ ನಮ್ಮ ಗುಮಾಸ್ತನಿಗೆ ಸಿಕ್ಕುವುದಿಲ್ಲ.

ಸರ್ಕಾರದವರಲ್ಲದೆ ಖಾಸಗಿಯವರೇ ಬೋನಿಟ್ಟರೆ? 2003ರಲ್ಲಿ ಕೇಂದ್ರದ ರಾಜ್ಯಸಚಿವರೊಬ್ಬರು ಹಣ ಪಡೆಯುವ ದೃಶ್ಯವನ್ನು ಗುಟ್ಟಾಗಿ ಚಿತ್ರೀಕರಿಸಿದವರ ಮೇಲೆಯೂ ಮೊಕದ್ದಮೆಯಾಯಿತು. ತಮ್ಮದು ಲೋಕಹಿತದ ಕಾರ್ಯವೆಂದು ಅವರು ಅದನ್ನು ರದ್ದುಪಡಿಸಲು ಕೋರಿದರು. ಉದ್ದೇಶವು ಲೋಕಹಿತವೋ ಸ್ವಹಿತವೋ ಎಂಬುದು ವಿಚಾರಣೆಯಲ್ಲಿಯೇ ತಿಳಿಯಬೇಕಾದ ಸಂಗತಿಯೆಂದು ಸುಪ್ರೀಂ ಕೋರ್ಟು 2014ರ ರಜತ್ ಪ್ರಸಾದ್ ಮೊಕದ್ದಮೆಯಲ್ಲಿ ಅವರ ಕೋರಿಕೆಯನ್ನು ನಿರಾಕರಿಸಿತು. ಭ್ರಷ್ಟಾಚಾರ ನಿರೋಧ ಕಾಯಿದೆಗೆ 2018ರಲ್ಲಿ ಆದ ತಿದ್ದುಪಡಿಯಂತೆ ಲಂಚ ಕೊಡುವವನೂ ಅಪರಾಧಿ. ಬಲವಂತಕ್ಕೆ ಸಿಕ್ಕಿ ಕೊಟ್ಟವನು 7 ದಿನಗಳೊಳಗೆ ಪೋಲೀಸರಿಗೆ ತಿಳಿಸಿದರೆ ಅವನಿಗೆ ರಕ್ಷಣೆಯುಂಟು. ಮುಂಚಿತವಾಗಿ ತನಿಖೆಯವರಿಗೆ ತಿಳಿಸಿ, ಅವರಿಗೆ ನೆರವಾಗಲೆಂದೇ ಕೊಟ್ಟವನಿಗೂ ಉಂಟು. ಪುಡಿ ಸವರಿದ ನೋಟನ್ನು ಜೇಬಿನಲ್ಲಿಟ್ಟುಕೊಂಡು ಕಚೇರಿಯ ಮೆಟ್ಟಿಲೇರುವ ದೂರುದಾರನಿಗೆ ಬೆಂಬಲವಾಗಿರುವುದು ಈ ಎರಡನೆಯ ವಿನಾಯಿತಿಯೇ.