ಚಕ್ಕಡಿ ಗಾಲಿಯ ಲೆಕ್ಕ ಪಿಕಪ್‌ಗೆ ನಡೆಯದು

ಕಳೆದ ದೀಪಾವಳಿ ಮುಗಿಸಿಕೊಂಡು ಅಂಕೋಲೆಯಿಂದ ಧಾರವಾಡಕ್ಕೆ ಹೊರಟಿದ್ದೆವು. ಅರಬೈಲ್ ಘಾಟಿಯ ಏರು. ಪಕ್ಕದಲ್ಲಿ ಹೆಂಡತಿ, ಹಿಂದಿನ ಸೀಟಿನಲ್ಲಿ ಅಪ್ಪ, ಅವ್ವ, ಅವರ ನಡುವೆ ಮಗಳು. ಮುಂದೆ ತುಂಬಿದ ಲಾರಿಯೊಂದು ತೆವಳುತ್ತಿತ್ತು. ಎದುರಿನ ರಸ್ತೆ ಖಾಲಿ ಕಂಡಿತು. ಮೂರನೇ ಗೇರ್‌ನಲ್ಲೇ ಆಕ್ಸಿಲರೇಟರ್ ಒತ್ತಿ ಓವರ್‌ಟೇಕ್‌ಗೆ ಇಳಿದೆ. ಎರಡು ವರ್ಷಗಳಿಂದ ಇದೇ ಪಿಕಪ್‌ನಲ್ಲಿ ಇದೇ ಘಾಟಿ ಹತ್ತಿದ್ದೇನೆ. ಎಷ್ಟು ಒತ್ತಿದರೆ ಎಷ್ಟು ದೂರದಲ್ಲಿ ಲಾರಿ ಹಿಂದೆ ಬೀಳುತ್ತದೆ ಎಂಬುದು ಕಾಲಿಗೇ ಗೊತ್ತಿತ್ತು. ಆದರೆ ಅಂದು ಗಾಡಿ ಎದ್ದೇಳಲಿಲ್ಲ. ಲಾರಿಯ ಅರ್ಧದಷ್ಟು ದಾಟಿದ್ದೇನೆ, ತಿರುವಿನಲ್ಲಿ ಬಸ್ ಕಾಣಿಸಿತು. ಲಾರಿಯ ಚಾಲಕ ಬ್ರೇಕ್ ಹಾಕಿ ಜಾಗ ಬಿಟ್ಟ. ಇಲ್ಲದಿದ್ದರೆ ಈ ಬರಹ ಇರುತ್ತಿರಲಿಲ್ಲ.

ಯಲ್ಲಾಪುರದಲ್ಲಿ ಚಹಾಕ್ಕೆ ನಿಂತಾಗ ಅಪ್ಪ ಕೇಳಿದರು: ‘ಗಾಡಿಗೆ ಏನಾತು?’ ಏನೂ ಇಲ್ಲ ಎಂದೆ. ಆದರೆ ಏನಾಗಿತ್ತೆಂದು ನನಗೆ ಗೊತ್ತಿತ್ತು. ಊರಿಗೆ ಹೊರಡುವ ಎರಡು ವಾರ ಮೊದಲು ಪುಣೆಯ ಅಂಗಡಿಯೊಂದರಲ್ಲಿ ಕಂಪನಿಯ ಟಯರ್ ತೆಗೆಸಿ ದೊಡ್ಡವನ್ನು ಹಾಕಿಸಿದ್ದೆ. ಸ್ಟೆಪ್ನಿಯೂ ಸೇರಿ ಐದು ಟಯರಿಗೆ ಲಕ್ಷದ ಮೇಲೆ ಖರ್ಚು. ‘ಗ್ರಿಪ್ ಹೆಚ್ಚುತ್ತೆ, ಲುಕ್ ಬದಲಾಗುತ್ತೆ, ಮೈಲೇಜ್ ಒಂದು ಚೂರು ಕಡಿಮೆಯಾಗಬಹುದು ಅಷ್ಟೇ’ ಎಂದಿದ್ದರು ಅಂಗಡಿಯವರು. ನಾನು ಎಂ.ಟೆಕ್. ಓದಿದವನು. ಕ್ಯಾಲ್ಕುಲೇಟರ್ ಹಿಡಿದು ಎರಡು ನಿಮಿಷ ಕೂರಲಿಲ್ಲ.

ಆ ಲೆಕ್ಕವನ್ನು ಈಗ ನಿಮ್ಮ ಮುಂದಿಡುತ್ತೇನೆ. ಮುಂಬೈ, ಪುಣೆ, ಹೈದರಾಬಾದ್‌ಗಳಲ್ಲಿ ದುಡಿಯುವ ನಮ್ಮಂಥವರಲ್ಲಿ ಹೈಲಕ್ಸ್, ವಿ-ಕ್ರಾಸ್‌ನಂಥ ಪಿಕಪ್‌ಗಳನ್ನೂ ಥಾರ್‌ನಂಥ ಗಾಡಿಗಳನ್ನೂ ಕೊಂಡವರಿದ್ದಾರೆ. ಕೊಂಡ ಮೇಲೆ ಕೈ ಮೊದಲು ಹೋಗುವುದು ಟಯರಿಗೇ.

ನನ್ನ ಗಾಡಿಗೆ ಬಂದಿದ್ದ ಟಯರ್ 265/65 ಆರ್17. 265 ಎಂದರೆ ಮಿಲಿಮೀಟರ್‌ನಲ್ಲಿ ಟಯರಿನ ಅಗಲ. 65 ಎಂದರೆ ರಿಮ್ಮಿನಿಂದ ಮೇಲಕ್ಕಿರುವ ರಬ್ಬರ್ ಗೋಡೆಯ ಎತ್ತರ, ಅಗಲದ ಶೇ 65. 17 ಎಂದರೆ ಇಂಚಿನಲ್ಲಿ ರಿಮ್ಮಿನ ವ್ಯಾಸ. ಎಲ್ಲ ಕೂಡಿಸಿದರೆ ಗಾಲಿಯ ವ್ಯಾಸ ಸುಮಾರು 776 ಮಿ.ಮೀ. ನಾನು ಹಾಕಿಸಿದ್ದು 285/70 ಆರ್17, ಅಂಗಡಿ ಭಾಷೆಯಲ್ಲಿ ‘33 ಇಂಚು’. ವ್ಯಾಸ ಸುಮಾರು 831 ಮಿ.ಮೀ. ವ್ಯತ್ಯಾಸ ಶೇ 7. ಹಳೆಯ ಗಾಲಿ ಒಂದು ಕಿಲೋಮೀಟರಿಗೆ 410 ಸುತ್ತು ಹಾಕುತ್ತಿತ್ತು, ಹೊಸದು 383.

ಊರಿಗೆ ಬಂದ ಮೇಲೆ ಅಪ್ಪನಿಗೆ ಇದನ್ನು ವಿವರಿಸಿದಾಗ ಅವರು ಕೇಳಿದ ಪ್ರಶ್ನೆ ನನ್ನನ್ನು ತಡೆದು ನಿಲ್ಲಿಸಿತು. ‘ಚಕ್ಕಡಿ ಗಾಲಿ ದೊಡ್ಡದಿದ್ದಷ್ಟೂ ಎತ್ತಿಗೆ ಹಗುರ ಅಂತ ನಮ್ಮಪ್ಪ ಹೇಳ್ತಿದ್ದ. ನಿನ್ನ ಗಾಡಿಗೆ ದೊಡ್ಡ ಗಾಲಿ ಭಾರ ಆತು ಅಂದ್ರ ಹೆಂಗ?’

ಅಜ್ಜ ಹೇಳಿದ್ದು ಸರಿಯೇ. ಚಕ್ಕಡಿಯಲ್ಲಿ ಎತ್ತು ಎಳೆಯುವುದು ಅಚ್ಚನ್ನು. ಗಾಲಿ ಅದರ ಹಿಂದೆ ತಾನಾಗಿ ಉರುಳುತ್ತದೆ. ಗಾಲಿ ದೊಡ್ಡದಿದ್ದರೆ ಕಲ್ಲು, ಕೊರಕಲುಗಳನ್ನು ಸಲೀಸಾಗಿ ದಾಟುತ್ತದೆ, ಕಡಿಮೆ ಸುತ್ತಿನಲ್ಲಿ ಹೆಚ್ಚು ದೂರ ಹೋಗುವುದರಿಂದ ಅಚ್ಚಿನ ತಿಕ್ಕಾಟವೂ ತಗ್ಗುತ್ತದೆ. ಪಿಕಪ್‌ನಲ್ಲಿ ಇದು ತಿರುವುಮುರುವು. ಎಂಜಿನ್ ಅಚ್ಚನ್ನು ಎಳೆಯುವುದಿಲ್ಲ, ತಿರುಗಿಸುತ್ತದೆ. ಅಚ್ಚು ಗಾಲಿಯನ್ನು ತಿರುಗಿಸಿ, ಗಾಲಿ ನೆಲವನ್ನು ಹಿಂದಕ್ಕೆ ತಳ್ಳಿ ಗಾಡಿ ಮುಂದೆ ಹೋಗಬೇಕು. ಅಚ್ಚಿನಿಂದ ನೆಲಕ್ಕಿರುವ ದೂರ ಹೆಚ್ಚಿದಷ್ಟೂ ಅದೇ ಟಾರ್ಕ್‌ಗೆ ನೆಲದ ಮೇಲೆ ಬೀಳುವ ತಳ್ಳುಬಲ ಕಡಿಮೆ. ಗೇರ್ ಸೈಕಲ್‌ನಲ್ಲಿ ಏರು ಹತ್ತುವಾಗ ತಪ್ಪು ಗೇರ್ ಹಾಕಿಕೊಂಡರೆ ಪೆಡಲ್ ಎಷ್ಟು ಗಟ್ಟಿಯಾಗುತ್ತದೆ, ನೆನಪಿಸಿಕೊಳ್ಳಿ. ದೊಡ್ಡ ಟಯರ್ ಹಾಕಿಸುವುದೆಂದರೆ ಗಾಡಿಯ ಎಲ್ಲ ಗೇರ್‌ಗಳನ್ನೂ ಒಮ್ಮೆಗೇ ಹಾಗೆ ಬದಲಿಸಿದಂತೆ.

ಎಂಜಿನ್ನಿನ ಪವರ್ ಒಂದಿನಿತೂ ಕಡಿಮೆಯಾಗಿಲ್ಲ. ಆದರೆ ಅದೇ ಗೇರ್‌ನಲ್ಲಿ ರಸ್ತೆಗೆ ತಲುಪುವ ತಳ್ಳುಬಲ ಸುಮಾರು ಶೇ 6.6ರಷ್ಟು ಇಳಿಯಿತು. ಇಷ್ಟೇನಾ ಎನಿಸಬಹುದು. ಸಮತಟ್ಟಾದ ರಸ್ತೆಯಲ್ಲಿ ಇಷ್ಟೇ. ಏರಿನಲ್ಲಿ ಲೆಕ್ಕ ಬೇರೆ. ಗಾಡಿ ನೂರು ಪಾಲು ತಳ್ಳಬಲ್ಲದು, ಅದರಲ್ಲಿ ಎಪ್ಪತ್ತು ಪಾಲು ಘಾಟಿಯ ಏರನ್ನು ತಾಳಿಕೊಳ್ಳಲೇ ಬೇಕು ಎಂದಿಟ್ಟುಕೊಳ್ಳಿ. ವೇಗ ಹೆಚ್ಚಿಸಿಕೊಳ್ಳಲು ಉಳಿಯುವುದು ಮೂವತ್ತು. ನೂರು 93.4ಕ್ಕೆ ಇಳಿದರೂ ಘಾಟಿ ತನ್ನ ಎಪ್ಪತ್ತನ್ನು ಬಿಡುವುದಿಲ್ಲ. ಉಳಿಯುವುದು 23.4. ಅಂದರೆ ಓವರ್‌ಟೇಕ್‌ಗೆ ಬೇಕಾದ ಬಲದಲ್ಲಿ ಐದನೇ ಒಂದು ಭಾಗಕ್ಕಿಂತ ಹೆಚ್ಚು ಮಾಯ. ಇದರ ಮೇಲೆ ಅದೇ ವೇಗದಲ್ಲಿ ಎಂಜಿನ್ನಿನ ಆರ್‌ಪಿಎಂ ಕೂಡ ಶೇ 6.6ರಷ್ಟು ಕೆಳಗಿರುತ್ತದೆ. ಡೀಸೆಲ್ ಎಂಜಿನ್ನಿನ ಟರ್ಬೊ ಚೆನ್ನಾಗಿ ಊದುವ ಹಂತಕ್ಕೆ ತಲುಪಿರುವುದಿಲ್ಲ. ಎರಡನೇ ಗೇರ್‌ಗೆ ಇಳಿಸಿದ್ದರೆ ಗಾಡಿ ಏಳುತ್ತಿತ್ತು. ಆದರೆ ಕಾಲು ಕಲಿತ ಪಾಠ ಹಳೆಯ ಟಯರಿನದು.

ಎರಡನೆಯದು ತೂಕ. ಹಳೆಯ ಟಯರನ್ನು ತೂಗಿದಾಗ 17 ಕೆ.ಜಿ., ಹೊಸದು 25 ಕೆ.ಜಿ. ನಾಲ್ಕು ಗಾಲಿಗೆ 32 ಕೆ.ಜಿ. ಹೆಚ್ಚು. ಇದೇ ತೂಕದ ಅಕ್ಕಿ ಚೀಲವನ್ನು ಹಿಂದೆ ಹಾಕಿದರೆ ಗಾಡಿಗೆ ಗೊತ್ತೂ ಆಗುವುದಿಲ್ಲ. ಆದರೆ ಟಯರಿನ ತೂಕದ ಹೆಚ್ಚಿನ ಪಾಲು ಗಾಲಿಯ ಅಂಚಿನಲ್ಲಿದೆ. ಅದನ್ನು ಮುಂದಕ್ಕೂ ಒಯ್ಯಬೇಕು, ತಿರುಗಿಸಲೂ ಬೇಕು. ಹಾಗಾಗಿ ವೇಗ ಹೆಚ್ಚಿಸುವಾಗ ಅಂಚಿನ ಒಂದು ಕಿಲೋ ಹೆಚ್ಚುಕಡಿಮೆ ಎರಡು ಕಿಲೋದಂತೆ ಕಾಡುತ್ತದೆ. ಸಿಗ್ನಲ್‌ನಿಂದ ಸಿಗ್ನಲ್‌ಗೆ ನಿಂತು ಹೊರಡುವ ಪುಣೆಯಂಥ ಊರಿನಲ್ಲಿ ಪ್ರತಿ ಸಲವೂ ಆ ಡೀಸೆಲ್ ಕೊಟ್ಟು, ಮುಂದಿನ ಬ್ರೇಕ್‌ನಲ್ಲಿ ಅದನ್ನು ಬಿಸಿಯಾಗಿ ಕಳೆದುಕೊಳ್ಳುತ್ತೇವೆ. ಬ್ರೇಕ್‌ಗೂ ಅದೇ ಸನ್ನೆಯ ನಿಯಮ. ಡಿಸ್ಕ್ ಹಳೆಯದೇ, ಗಾಲಿ ದೊಡ್ಡದು. ಅಷ್ಟೇ ದೂರದಲ್ಲಿ ನಿಲ್ಲಬೇಕಾದರೆ ಕಾಲು ಹೆಚ್ಚು ಒತ್ತಬೇಕು.

ಮೂರನೆಯದು ಉರುಳುವಾಗಿನ ತಡೆ. ದಪ್ಪ ಹಲ್ಲುಗಳ, ಗಟ್ಟಿ ಗೋಡೆಯ ಟಯರ್ ಪ್ರತಿ ಸುತ್ತಿನಲ್ಲೂ ಮಡಚಿ ಬಿಚ್ಚಿಕೊಳ್ಳುವಾಗ ಹೆಚ್ಚು ಶಕ್ತಿ ತಿನ್ನುತ್ತದೆ. ಅಗಲ ಹೆಚ್ಚಾಗಿ, ಗಾಡಿ ನೆಲದಿಂದ 27 ಮಿ.ಮೀ. ಮೇಲೆದ್ದು, ಗಾಳಿಯ ತಡೆಯೂ ಏರುತ್ತದೆ.

‘ಆರ್‌ಪಿಎಂ ಇಳಿಯುತ್ತಲ್ಲ, ಹೈವೇಯಲ್ಲಿ ಮೈಲೇಜ್ ಹೆಚ್ಚಬೇಕು’ ಎಂದು ಆಫೀಸಿನ ಗೆಳೆಯ ವಾದಿಸಿದ. ವಾದದಲ್ಲಿ ಸತ್ಯದ ಎಳೆಯಿದೆ. ಟಯರಿನ ತೂಕ, ಅಗಲ, ಹಲ್ಲು ಯಾವುದೂ ಬದಲಾಗದೆ ವ್ಯಾಸವೊಂದೇ ಹೆಚ್ಚಿದ್ದರೆ ಸಮತಟ್ಟಾದ ರಸ್ತೆಯಲ್ಲಿ ಸ್ವಲ್ಪ ಉಳಿತಾಯ ಆಗಬಹುದಿತ್ತು. ಆದರೆ ಅಂಥ ಟಯರನ್ನು ಯಾರೂ ಹಾಕಿಸುವುದಿಲ್ಲ. ಹೈವೇಯಲ್ಲಿ ಸಣ್ಣ ಏರು ಬಂದರೂ ಆರನೇ ಗೇರ್‌ನಿಂದ ಐದಕ್ಕೆ ಇಳಿಸಬೇಕಾಗುತ್ತದೆ. ಇಳಿದಿದ್ದ ಆರ್‌ಪಿಎಂ ಅಲ್ಲಿಗೆ ಮತ್ತೆ ಮೇಲೆ.

ಹಾಗಾದರೆ ಮೈಲೇಜ್ ಎಷ್ಟು ಬಿತ್ತು? ಇಲ್ಲಿ ಬಹಳ ಜನ ಎಡವುತ್ತಾರೆ. ನಾನೂ ಎಡವಿದೆ. ಹಳೆಯ ಟಯರಿನಲ್ಲಿ ಲೀಟರಿಗೆ 13 ಕಿ.ಮೀ. ಬರುತ್ತಿತ್ತು. ಹೊಸದರಲ್ಲಿ ಟ್ಯಾಂಕ್ ತುಂಬಿಸಿ, ಓಡಿಸಿ, ಮತ್ತೆ ತುಂಬಿಸಿದಾಗ ಓಡೋಮೀಟರ್ 600 ಕಿ.ಮೀ. ತೋರಿಸಿತು. ಹಿಡಿದದ್ದು 55.5 ಲೀಟರ್. ಭಾಗಿಸಿದರೆ 10.8. ಶೇ 17ರಷ್ಟು ಕುಸಿತ ಎಂದು ಹೆದರಿದೆ. ಆದರೆ ಓಡೋಮೀಟರ್ ಎಣಿಸುವುದು ದೂರವನ್ನಲ್ಲ, ಸುತ್ತುಗಳನ್ನು. ಪ್ರತಿ ಸುತ್ತಿಗೂ ಹಳೆಯ ಟಯರಿನ ಅಳತೆಯನ್ನೇ ಕೂಡುತ್ತದೆ. ಗಾಡಿ ನಿಜವಾಗಿ ಓಡಿದ್ದು 642 ಕಿ.ಮೀ. ಮೊಬೈಲಿನ ಜಿಪಿಎಸ್ ಕೂಡ ಇದಕ್ಕೆ ಹತ್ತಿರದ್ದನ್ನೇ ತೋರಿಸಿತು. ಅಂದರೆ ನಿಜವಾದ ಮೈಲೇಜ್ 11.6, ಕುಸಿತ ಶೇ 11. ಪ್ರೋಗ್ರಾಂ ಬರೆಯುವವರಿಗೆ ಇದು ಹೊಸದಲ್ಲ. ಒಳಗೆ ಹೋಗುವ ಸಂಖ್ಯೆ ತಪ್ಪಿದ್ದರೆ ಹೊರಬರುವ ಉತ್ತರವೂ ತಪ್ಪು.

ಶೇ 11 ಎಂದರೂ ಕಡಿಮೆಯಲ್ಲ. ವರ್ಷಕ್ಕೆ 15 ಸಾವಿರ ಕಿ.ಮೀ. ಓಡಿಸುವವನಿಗೆ ಸುಮಾರು 140 ಲೀಟರ್ ಹೆಚ್ಚುವರಿ ಡೀಸೆಲ್. ಲೀಟರಿಗೆ 90 ರೂಪಾಯಿ ಹಿಡಿದರೂ ಹನ್ನೆರಡು ಸಾವಿರದ ಮೇಲೆ. ಟಯರ್ ಇರುವಷ್ಟು ವರ್ಷ ಇದು ತಪ್ಪುವುದಿಲ್ಲ. ಸ್ಪೀಡೋಮೀಟರ್‌ನದೂ ಇದೇ ಕಥೆ. ಗಾಡಿಗಳ ಸ್ಪೀಡೋಮೀಟರ್ ಸಾಮಾನ್ಯವಾಗಿ ನಿಜಕ್ಕಿಂತ ತುಸು ಹೆಚ್ಚೇ ತೋರಿಸುತ್ತದೆ. ನನ್ನದು 80 ತೋರಿಸಿದಾಗ ಜಿಪಿಎಸ್‌ನಲ್ಲಿ 77 ಇರುತ್ತಿತ್ತು. ಟಯರ್ ಬದಲಾದ ಮೇಲೆ ಅದೇ 80ಕ್ಕೆ 82. ಕಂಪನಿ ಇಟ್ಟಿದ್ದ ಸುರಕ್ಷತೆಯ ಅಂತರವನ್ನು ನಾನೇ ಅಳಿಸಿದ್ದೆ.

ದೊಡ್ಡ ಟಯರಿನಿಂದ ಲಾಭವೇ ಇಲ್ಲವೇ? ಇದೆ. ಸಸ್ಪೆನ್ಷನ್ ಎತ್ತರಿಸಿದರೆ ಬಾಡಿ ಮೇಲೇಳುತ್ತದೆಯೇ ಹೊರತು ಹಿಂದಿನ ಅಚ್ಚಿನ ನಡುವೆ ಜೋತಿರುವ ಡಿಫರೆನ್ಷಿಯಲ್ ಗುಂಡು ಇದ್ದಲ್ಲೇ ಇರುತ್ತದೆ. ಅದನ್ನು ನೆಲದಿಂದ ಮೇಲೆತ್ತುವುದು ಟಯರ್ ಮಾತ್ರ. ಸಕಲೇಶಪುರ, ಕೊಡಗಿನ ತೋಟದ ದಾರಿಯಲ್ಲಿ ಮಳೆಗಾಲವೆಲ್ಲ ಓಡಾಡುವವರಿಗೆ ಆ ಒಂದು ಇಂಚು ದೊಡ್ಡದು. ಅಂಥವರು ಮೈಲೇಜ್ ಕೊಟ್ಟು ಎತ್ತರ ಕೊಳ್ಳುತ್ತಾರೆ, ಅದು ನ್ಯಾಯವಾದ ವ್ಯಾಪಾರ. ಪಿಕಪ್ ಮಾರ್ಪಾಡಿನ ಹುಚ್ಚು ಜೋರಾಗಿರುವ ಅಮೆರಿಕದಲ್ಲಿ ತಿಳಿದವರು ಟಯರ್ ಜೊತೆಗೆ ಡಿಫರೆನ್ಷಿಯಲ್‌ನ ಗೇರನ್ನೂ ಬದಲಿಸುತ್ತಾರೆ. ಸೂತ್ರ ಸರಳ: ಹಳೆಯ ಅನುಪಾತವನ್ನು ಹೊಸ ವ್ಯಾಸದಿಂದ ಗುಣಿಸಿ ಹಳೆಯ ವ್ಯಾಸದಿಂದ ಭಾಗಿಸಿ. 3.73 ಇದ್ದರೆ ಶೇ 7 ದೊಡ್ಡ ಟಯರಿಗೆ 3.99 ಬೇಕು. ಹತ್ತಿರದ 4.10 ಹಾಕಿಸುತ್ತಾರೆ. ಫೋರ್ ವೀಲ್ ಡ್ರೈವ್ ಆದರೆ ಹಿಂದೆ ಮುಂದೆ ಎರಡಕ್ಕೂ ಹಾಕಿಸಬೇಕು. ನಾನು ಪುಣೆಯಲ್ಲಿ ವಿಚಾರಿಸಿದ ಅಂಗಡಿಗಳಲ್ಲಿ ಟಯರ್ ಧಾರಾಳವಾಗಿತ್ತು, ಗೇರ್ ಸೆಟ್ ಎಂದರೆ ಮುಖ ನೋಡಿದರು.

ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಯಾರಕರ ಮೂಲ ವಿವರಗಳಿಗೆ ಹೊಂದದ ಮಾರ್ಪಾಡನ್ನು ಒಪ್ಪುವುದಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿದಿದೆ. ಅಪಘಾತವಾದ ಮೇಲೆ ವಿಮೆಯವರ ಎದುರು ಟಯರಿನ ಅಳತೆಯ ಬಗ್ಗೆ ವಾದ ಮಾಡುವ ಸ್ಥಿತಿ ಯಾರಿಗೂ ಬೇಡ.

ನಮ್ಮ ಕಡೆ ಪಿಕಪ್ ಎಂದರೆ ತರಕಾರಿ, ಹಾಲಿನ ಕ್ಯಾನ್ ಹೊರುವ ಗಾಡಿ. ಚಿಕ್ಕಪ್ಪನ ಮಗ ಅಂಥದ್ದನ್ನೇ ಓಡಿಸುತ್ತಾನೆ. ನನ್ನ ಟಯರುಗಳನ್ನು ಒಂದು ಸುತ್ತು ನೋಡಿ, ‘ಛಲೋ ಕಾಣ್ತಾವ ಅಣ್ಣಾ. ಆದ್ರ ನಮ್ಮ ಲಾಭ ಇರೋದ ಡೀಸೆಲ್‌ನಾಗ, ನಾವು ಇವನ್ನ ಹಾಕೂ ಹಂಗಿಲ್ಲ’ ಎಂದ. ಗಾಡಿಯಿಂದ ಅನ್ನ ಉಣ್ಣುವವನಿಗೆ ಗೊತ್ತಿದ್ದ ಲೆಕ್ಕ, ಸಂಬಳದಿಂದ ಗಾಡಿಗೆ ಉಣಿಸುವ ನನಗೆ ಗೊತ್ತಿರಲಿಲ್ಲ. ಒಪ್ಪಿಕೊಳ್ಳೋಣ, ನಮ್ಮಲ್ಲಿ ಬಹುತೇಕರ ಗಾಡಿ ಕೆಸರು ಕಾಣುವುದಿಲ್ಲ. ಅದು ಕಾಣುವುದು ಆಫೀಸಿನ ಪಾರ್ಕಿಂಗ್, ಟೋಲ್ ನಾಕಾ ಮತ್ತು ವರ್ಷಕ್ಕೆ ಮೂರು ಸಲ ಊರಿನ ಓಣಿ. ಆ ಓಣಿಯಲ್ಲಿ ಎದ್ದು ಕಾಣಬೇಕೆಂಬ ಆಸೆಯೇ ನನ್ನಿಂದ ಆ ಟಯರ್ ಕೊಳ್ಳಿಸಿದ್ದು. ಹೊರಗೆ ದುಡಿಯುವವರಿಗೆ ಆ ಆಸೆ ಇರುವುದು ತಪ್ಪಲ್ಲ. ಅದಕ್ಕಾಗಿ ಹಿಂದಿನ ಸೀಟಿನವರನ್ನು ಪಣಕ್ಕಿಡುವುದು ತಪ್ಪು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ಗಾಡಿಯ ಹಾಸಿಗೆ ಎಷ್ಟೆಂದು ಚಾಲಕನ ಬಾಗಿಲಿನ ಚೌಕಟ್ಟಿಗೆ ಅಂಟಿಸಿದ ಸ್ಟಿಕ್ಕರ್‌ನಲ್ಲೇ ಬರೆದಿರುತ್ತದೆ. ಎಂಜಿನ್, ಗೇರ್, ಬ್ರೇಕ್, ಟಯರ್ ನಾಲ್ಕನ್ನೂ ಒಟ್ಟಿಗೆ ಲೆಕ್ಕ ಹಾಕಿ ಇಟ್ಟ ಅಳತೆ ಅದು. ಅದೇ ಗಾಡಿಯ ಬೇರೆ ಮಾದರಿಗೆ ಕಂಪನಿಯೇ ಕೊಡುವ ಅಳತೆಯಾದರೆ ಯೋಚಿಸಿ. ಅದನ್ನು ಮೀರುವುದಾದರೆ ಮೊದಲು ವ್ಯಾಸದ ಲೆಕ್ಕ ಹಾಕಿ, ಸ್ಪೀಡೋಮೀಟರ್ ಸರಿಪಡಿಸಿಕೊಳ್ಳಿ, ಖಾಲಿ ರಸ್ತೆಯಲ್ಲಿ ಗಾಡಿಯನ್ನು ಹೊಸದಾಗಿ ಕಲಿಯಿರಿ. ಅದಾಗುವವರೆಗೆ ಘಾಟಿಗೆ ಹೋಗಬೇಡಿ. ನಾನು ಸಂಕ್ರಾಂತಿಗೆ ಮುಂಚೆ ಹಳೆಯ ಅಳತೆಗೇ ಮರಳಿದೆ. ದೊಡ್ಡ ಟಯರುಗಳು ಅರ್ಧ ಬೆಲೆಗೆ ಹೋದವು. ಕೊಳ್ಳಲು ಬಂದ ಹುಡುಗನಿಗೆ ಈ ಲೆಕ್ಕವನ್ನೆಲ್ಲ ಹೇಳಿದೆ. ನಕ್ಕು, ಟಯರ್ ಹೇರಿಕೊಂಡು ಹೋದ.