ಮಗಳ ಪಾಲು, ಸಮುದಾಯದ ಸಮ್ಮತಿ

ಷರಿಯತ್ತಿಗೂ ಮಾನವ ಹಕ್ಕುಗಳಿಗೂ ಎಂದಿಗೂ ಕೂಡಿಬರುವುದಿಲ್ಲ ಎಂಬ ಮಾತು ಕೊಳ್ಳೇಗಾಲದ ಬಳಿಯ ಕಾಮಗೆರೆಯ ಟೀ ಅಂಗಡಿಯಲ್ಲೂ ಕೇಳುತ್ತದೆ, ಟೀವಿ ಚರ್ಚೆಯಲ್ಲೂ ಕೇಳುತ್ತದೆ. ಮುಸ್ಲಿಮರು ಈ ಕಾಲಕ್ಕೆ ಹೊಂದಲಾರರು ಎನ್ನುವವರಿಗೆ ಈ ಮಾತು ಬೇಕು. ಮಾನವ ಹಕ್ಕು ಪಶ್ಚಿಮದವರ ಸರಕು ಎನ್ನುವವರಿಗೂ ಬೇಕು. ನಾನು ಇದನ್ನು ಒಪ್ಪುವುದಿಲ್ಲ. ಇವೆರಡು ಎಲ್ಲಿ ಕೂಡುತ್ತವೆ, ಎಲ್ಲಿ ಅಗಲುತ್ತವೆ ಎಂಬುದನ್ನು ಗ್ರಂಥವೊಂದೇ ತೀರ್ಮಾನಿಸಿಲ್ಲ. ಗ್ರಂಥಕ್ಕೆ ಅರ್ಥ ಹೇಳುವ ಅಧಿಕಾರ ಯಾರ ಕೈಯಲ್ಲಿದೆ ಎಂಬುದು ತೀರ್ಮಾನಿಸಿದೆ.

ಪಶ್ಚಿಮದ ಸರಕು ಎನ್ನುವವರಿಗೆ ಇಷ್ಟು ಸಾಕು: 1948ರ ಡಿಸೆಂಬರ್ 10ರಂದು ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆ ಮತಕ್ಕೆ ಬಂದಾಗ ಸೌದಿ ಅರೇಬಿಯಾ ತಟಸ್ಥವಾಗಿ ಉಳಿಯಿತು; ಈಜಿಪ್ಟ್, ಇರಾನ್, ಇರಾಕ್, ಪಾಕಿಸ್ತಾನ ಪರವಾಗಿ ಮತ ಹಾಕಿದವು, ಮದುವೆಯಲ್ಲಿ ಸಮಾನ ಹಕ್ಕು ಹೇಳುವ 16ನೇ ವಿಧಿಯನ್ನು ಪಾಕಿಸ್ತಾನದ ಶಾಯಿಸ್ತಾ ಇಕ್ರಾಮುಲ್ಲಾ ಬೆಂಬಲಿಸಿ ಮಾತಾಡಿದ್ದರು.

ದೂರದ ಮಾತು ಬಿಡಿ, ನಮ್ಮ ತಾಲೂಕನ್ನೇ ನೋಡೋಣ. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ಮೈಸೂರಿಗೆ ಸೇರಿರಲಿಲ್ಲ, ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಹಾಗಾಗಿ ಬ್ರಿಟಿಷ್ ಇಂಡಿಯಾದ 1937ರ ಷರಿಯತ್ ಕಾಯ್ದೆ ಇಲ್ಲಿಗೆ ನೇರವಾಗಿ ಬಂತು. ದೇಶದ ಎಷ್ಟೋ ಕಡೆ ರೂಢಿಯ ಹೆಸರಲ್ಲಿ ಮುಸ್ಲಿಂ ಹೆಣ್ಣುಮಕ್ಕಳಿಗೆ ಆಸ್ತಿಯೇ ಸಿಗುತ್ತಿರಲಿಲ್ಲ. ಆ ರೂಢಿಯನ್ನು ತೆಗೆದು ಷರಿಯತ್ತಿನ ಪಾಲು ಕೊಡಿಸುವುದು ಕಾಯ್ದೆಯ ಉದ್ದೇಶ. ಆದರೆ ಅದು ಬೇಸಾಯದ ಭೂಮಿಯನ್ನು ಹೊರಗಿಟ್ಟಿತು. ಭೂಮಿಯ ಉತ್ತರಾಧಿಕಾರ ಪ್ರಾಂತಗಳಿಗೆ ಬಿಟ್ಟ ವಿಷಯ ಎಂಬುದು ಕಾರಣ. ಹಳ್ಳಿಯಲ್ಲಿ ಭೂಮಿ ಬಿಟ್ಟರೆ ಆಸ್ತಿ ಎಂದು ಉಳಿಯುವುದೇನು? 1949ರಲ್ಲಿ ಮದ್ರಾಸ್ ಶಾಸನಸಭೆ ತಿದ್ದುಪಡಿ ತಂದು ಬೇಸಾಯದ ಭೂಮಿಯನ್ನೂ ಒಳಗೆ ಸೇರಿಸಿತು. ಹೀಗೆ ಈ ಸೀಮೆಯ ಮುಸ್ಲಿಂ ಮಗಳಿಗೆ ಅಪ್ಪನ ಹೊಲದಲ್ಲಿ ಪಾಲು ಕಾಯ್ದೆಯಲ್ಲೇ ದಾಖಲಾಯಿತು. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹಿಂದೂ ಮಗಳಿಗೆ ಮಗನ ಸಮಾನ ಹಕ್ಕು ಬರಲು ಕರ್ನಾಟಕ 1994ರವರೆಗೆ ಕಾಯಬೇಕಾಯಿತು. ಷರಿಯತ್ತೆಂದರೆ ಹೆಣ್ಣಿನ ಕೈ ಕಟ್ಟುವುದು ಎಂದಷ್ಟೇ ತಿಳಿದವರು ಈ ಎರಡು ಇಸವಿಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು.

ಹಾಗೆಂದು ಅರ್ಧ ಪಾಲನ್ನು ಪೂರ್ತಿ ಎಂದು ನಾನು ಹೇಳಲಾರೆ. ಮಗನಿಗೆ ಎರಡು, ಮಗಳಿಗೆ ಒಂದು ಎಂಬ ಲೆಕ್ಕ ಕುರಾನಿನ ನಾಲ್ಕನೇ ಅಧ್ಯಾಯದಲ್ಲೇ ಇದೆ, ಅದು ಯಾವ ಮೌಲ್ವಿಯೂ ಮಾಡಿದ್ದಲ್ಲ ಎಂದು ನಂಬಿದವರು ಹೇಳುತ್ತಾರೆ. ಮದುವೆಯಲ್ಲಿ ಹೆಣ್ಣಿಗೆ ಮೆಹರ್ ಕೊಡುವವನು ಗಂಡು, ಹೆಂಡತಿ ಮಕ್ಕಳನ್ನು ಸಾಕುವ ಹೊಣೆಯೂ ಗಂಡಿನದು, ಆದ್ದರಿಂದ ಪಾಲೂ ಹೆಚ್ಚು ಎನ್ನುತ್ತಾರೆ. ಇದು ತೂಕವಿರುವ ವಾದ; ಹಕ್ಕನ್ನು ಹೊಣೆಗೆ ಕಟ್ಟುವ ನ್ಯಾಯ ಅದರಲ್ಲಿದೆ. ಆದರೆ ರೇಷ್ಮೆ ನೂಲು ತೆಗೆದು, ಕೂಲಿ ಮಾಡಿ, ಮನೆ ನಡೆಸುವವಳು ಹೆಂಗಸೇ ಆದಾಗ ಹೊಣೆ ಅವಳ ಹೆಗಲಿಗೆ ಬಂದು ಪಾಲು ಮಾತ್ರ ಹಳೆಯ ಜಾಗದಲ್ಲೇ ಉಳಿದರೆ, ಆ ನ್ಯಾಯದ ಬುಡವೇ ಹೋಯಿತಲ್ಲ?

ಕಾಸರಗೋಡು ಜಿಲ್ಲೆಯ ವಕೀಲ, ನಟ ಸಿ. ಶುಕ್ಕೂರ್ ಮತ್ತು ಅವರ ಹೆಂಡತಿ ಶೀನಾ ಶುಕ್ಕೂರ್ ಈ ಪ್ರಶ್ನೆಯನ್ನು ಬಾಯಲ್ಲಿ ಕೇಳಿ ಸುಮ್ಮನಾಗಲಿಲ್ಲ. ಅವರಿಗೆ ಮೂವರು ಹೆಣ್ಣುಮಕ್ಕಳು, ಗಂಡುಮಕ್ಕಳಿಲ್ಲ. ನಡೆಯುತ್ತಿರುವ ಕಾನೂನಿನಂತೆ ಹೆಣ್ಣುಮಕ್ಕಳಿಗೆಲ್ಲ ಸೇರಿ ಮೂರರಲ್ಲಿ ಎರಡು ಪಾಲು, ಉಳಿದದ್ದರಲ್ಲಿ ಅಪ್ಪನ ಒಡಹುಟ್ಟಿದವರಿಗೂ ಪಾಲು. 2023ರ ಮಾರ್ಚ್ 8ರಂದು, ಮಹಿಳಾ ದಿನದಂದೇ, ಇಬ್ಬರೂ ವಿಶೇಷ ವಿವಾಹ ಕಾಯ್ದೆಯಡಿ ಮತ್ತೆ ಮದುವೆಯಾದರು. ಆ ಕಾಯ್ದೆಯಡಿ ಮದುವೆಯಾದ ಮುಸ್ಲಿಮರಿಗೆ ಭಾರತೀಯ ಉತ್ತರಾಧಿಕಾರ ಕಾಯ್ದೆ ಅನ್ವಯಿಸುತ್ತದೆ, ಹೆಣ್ಣುಮಕ್ಕಳ ಪಾಲು ಕಡಿಮೆಯಾಗುವುದಿಲ್ಲ. ಧರ್ಮವನ್ನು ಬಿಡದೆ ಇಟ್ಟ ಹೆಜ್ಜೆ ಅದು. ಮಗಳ ಮೇಲಿನ ಪ್ರೀತಿ ಇಷ್ಟು ದಾರಿ ಹುಡುಕಬೇಕಾಯಿತು ಎಂಬುದು ನನ್ನನ್ನು ಕಾಡುತ್ತದೆ.

ಒಳಗಿನಿಂದ ಬದಲಾವಣೆ ಸಾಧ್ಯವಿಲ್ಲ ಎನ್ನುವವರು 1939ರ ಮುಸ್ಲಿಂ ವಿವಾಹ ವಿಸರ್ಜನೆ ಕಾಯ್ದೆಯನ್ನು ಮರೆತಿದ್ದಾರೆ. ಇಸ್ಲಾಮಿನ ನ್ಯಾಯಶಾಸ್ತ್ರದ ಹನಫಿ ಪಂಥದಲ್ಲಿ ಹೆಣ್ಣಿಗೆ ಬಿಡುಗಡೆಯ ದಾರಿ ತೀರ ಇಕ್ಕಟ್ಟಾಗಿತ್ತು. ಗಂಡ ಬಿಟ್ಟುಹೋದವರು ಮದುವೆ ಕಳಚಲು ಧರ್ಮವನ್ನೇ ಬಿಡತೊಡಗಿದ್ದರು. ಆಗ ದೇವಬಂದ್ ಪರಂಪರೆಯ ಅಶ್ರಫ್ ಅಲಿ ಥಾನ್ವಿ ಅವರೇ ಮಾಲಿಕಿ ಪಂಥದ ಉದಾರ ನಿಲುವನ್ನು ಎತ್ತಿಕೊಂಡರು; ಕಾಯ್ದೆ ಬಂದದ್ದು ಆ ನಿಲುವಿನ ಆಧಾರದ ಮೇಲೇ.

ಈಗ ನಮ್ಮ ಸರ್ಕಾರದ ವಿಷಯ. ಮಹಿಳೆಯರ ವಿರುದ್ಧದ ಎಲ್ಲ ತಾರತಮ್ಯಗಳನ್ನು ತೊಡೆಯುವ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಭಾರತ 1993ರ ಜುಲೈ 9ರಂದು ಅನುಮೋದಿಸಿತು. ಜೊತೆಗೇ ಒಂದು ಘೋಷಣೆ ಸೇರಿಸಿತು: ಯಾವುದೇ ಸಮುದಾಯ ತಾನಾಗಿ ಮುಂದೆ ಬಂದು ಸಮ್ಮತಿಸದ ಹೊರತು ಅದರ ಖಾಸಗಿ ವಿಷಯಗಳಿಗೆ ಕೈಹಾಕುವುದಿಲ್ಲ ಎಂದು. ಸಮುದಾಯ ಎಂದರೆ ಯಾರು? ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿ ಓದಿದವರಿಗೆ ಉತ್ತರ ಗೊತ್ತು. ಅದರ ನಾಯಕಿ ನಾದಿರಾಳ ತಲಾಖ್ ಅಪ್ಪನ ಹಟ. ಮರಳಿ ಗಂಡನನ್ನು ಸೇರಬೇಕಾದರೆ ಇನ್ನೊಬ್ಬನನ್ನು ಮದುವೆಯಾಗಬೇಕೆಂಬುದು ಗಂಡಸರು ಹೇಳುವ ನಿಯಮ. ಆಕೆಯನ್ನು ಯಾರೂ ಕೇಳುವುದಿಲ್ಲ. ಸರ್ಕಾರ ಕಾಯುತ್ತಿರುವ ಸಮ್ಮತಿ ಈ ಗಂಡಸರದು. ಅನ್ಯಾಯ ಮಾಡಿದವನ ಅಪ್ಪಣೆ ಕೇಳಿ ನ್ಯಾಯ ಕೊಡುವ ಪದ್ಧತಿ ಬೇರೆಲ್ಲಿದೆ?

ಸುಧಾರಣೆಯ ಹೆಸರಲ್ಲಿ ನಮ್ಮನ್ನು ಬಡಿಯುತ್ತಾರೆ ಎಂಬ ಮುಸ್ಲಿಮರ ಭಯ ಸುಳ್ಳಲ್ಲ. ಸುಪ್ರೀಂ ಕೋರ್ಟ್ 2017ರಲ್ಲಿ ತ್ರಿವಳಿ ತಲಾಖನ್ನು ಅಸಿಂಧು ಮಾಡಿತು, ಒಳ್ಳೆಯದೇ ಆಯಿತು. ಅಸಿಂಧುವಾದ ಅದೇ ಮಾತಿಗೆ 2019ರ ಕಾಯ್ದೆ ಮೂರು ವರ್ಷದವರೆಗೆ ಜೈಲು ಇಟ್ಟಿತು. ಹೆಂಡತಿಯನ್ನು ಬಿಟ್ಟುಹೋದ ಬೇರೆ ಧರ್ಮದವನಿಗೆ ಬಿಟ್ಟುಹೋದದ್ದಕ್ಕೇ ಅಂಥ ಜೈಲಿಲ್ಲ. ಹಿಜಾಬ್ ಧರಿಸಿ ತರಗತಿಗೆ ಬರಲು ಬಯಸಿದ ವಿದ್ಯಾರ್ಥಿನಿಯರ ಪ್ರಕರಣದಲ್ಲಿ ನಮ್ಮ ಹೈಕೋರ್ಟ್ 2022ರ ಮಾರ್ಚ್ 15ರಂದು ಹಿಜಾಬ್ ಇಸ್ಲಾಮಿನ ಅತ್ಯಗತ್ಯ ಆಚರಣೆಯಲ್ಲ ಎಂದು ತೀರ್ಪಿತ್ತಿತು. ಅಲ್ಲಿ ಕೇಳಬೇಕಾಗಿದ್ದದ್ದು ಹುಡುಗಿಯ ಆಯ್ಕೆ ಏನು, ಅವಳ ಓದು ಏನಾಗುತ್ತದೆ ಎಂದು. ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಸುಧಾಂಶು ಧುಲಿಯಾ ಅದನ್ನೇ ಕೇಳಿದರು, ಪೀಠ ಇಬ್ಭಾಗವಾಯಿತು.

ಆದರೆ ಈ ಭಯಕ್ಕೆ ಮದ್ದು ಹೆಣ್ಣಿನ ಹಕ್ಕನ್ನು ಸಮುದಾಯದ ಮುಖಂಡರ ಕೈಗೆ ಒಪ್ಪಿಸುವುದಲ್ಲ. 1993ರ ಆ ಘೋಷಣೆಯನ್ನು ವಾಪಸು ಪಡೆಯಲು ವಿಶ್ವಸಂಸ್ಥೆಯ ಮಹಾ ಕಾರ್ಯದರ್ಶಿಗೆ ಒಂದು ಅಧಿಕೃತ ಸೂಚನೆ ಸಾಕು. ಹಿಂದೂ, ಮುಸ್ಲಿಂ, ಕ್ರೈಸ್ತ ಎನ್ನದೆ ಎಲ್ಲ ಸಮುದಾಯಗಳಿಗೂ ಆ ವಾಪಸಾತಿ ಒಟ್ಟಿಗೇ ಅನ್ವಯಿಸುತ್ತದೆ. ಅಂದಿನಿಂದ ಬಂದುಹೋದ ಯಾವ ಸರ್ಕಾರವೂ ಆ ಸೂಚನೆ ಕಳಿಸಿಲ್ಲ.