ರ‍್ಯಾಮ್ಸೆಯ ಗಾಜಿನ ಪಾತ್ರೆ

‘ಕ್ವಾಂಟಮ್ ಶಕ್ತಿ’ ತುಂಬಿದ ಪೆಂಡೆಂಟು, ಮೊಬೈಲ್ ಟವರಿನ ವಿಕಿರಣ ತಡೆಯುವ ಲಾಕೆಟ್ಟು ಇವೆಲ್ಲ ಆನ್‌ಲೈನಿನಲ್ಲಿ ಸಿಗುತ್ತವೆ, ಎಂಜಿನಿಯರುಗಳೇ ತುಂಬಿರುವ ಬೆಂಗಳೂರಿನ ಕಾಡುಗೋಡಿಯ ಅಪಾರ್ಟ್‌ಮೆಂಟುಗಳ ಬಾಗಿಲಿಗೂ ಬರುತ್ತವೆ. ಓದಿದವರು ಇಂಥದ್ದಕ್ಕೆ ಮರುಳಾಗುವುದಿಲ್ಲ ಎಂಬ ಧೈರ್ಯ ನಮಗಿದೆ. ಇತಿಹಾಸ ನೋಡಿದರೆ ಆ ಧೈರ್ಯಕ್ಕೆ ಆಧಾರ ಕಾಣುವುದಿಲ್ಲ. ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಪರಮಾಣುವಿನ ಬಗ್ಗೆ ಜನರಿಗೆ ಹಿಡಿದ ಹುಚ್ಚಿಗೆ ಬಿತ್ತನೆ ಮಾಡಿದವರು ವಿಜ್ಞಾನಿಗಳೇ.

ಒಂದು ಮೂಲಧಾತು ತಾನಾಗಿಯೇ ಇನ್ನೊಂದಾಗುತ್ತದೆ ಎಂದು ರುದರ್‌ಫೋರ್ಡ್ ಮತ್ತು ಸಾಡಿ 1902ರಲ್ಲಿ ಥೋರಿಯಂ ಇಟ್ಟುಕೊಂಡು ತೋರಿಸಿದರು. ರೇಡಿಯಂ ಕುರಿತ ಸಾಡಿಯ 1909ರ ಪುಸ್ತಕ ಎಚ್. ಜಿ. ವೆಲ್ಸ್‌ಗೆ ಪ್ರೇರಣೆಯಾಯಿತು, ಅವರು 1914ರಲ್ಲೇ ಅಣುಬಾಂಬಿನ ಕಾದಂಬರಿ ಬರೆದರು. ಈ ಕತೆಯಲ್ಲಿ ಬೆಂಗಳೂರಿಗೆ ಹತ್ತಿರದವರು ವಿಲಿಯಂ ರ‍್ಯಾಮ್ಸೆ. ಟಾಟಾ ಸಂಸ್ಥೆಗೆ, ಅಂದರೆ ಇಂದಿನ ಭಾರತೀಯ ವಿಜ್ಞಾನ ಸಂಸ್ಥೆಗೆ, ಬೆಂಗಳೂರೇ ತಕ್ಕ ಜಾಗ ಎಂದು ಶಿಫಾರಸು ಮಾಡಿದವರು ಅವರೇ. ಅವರೊಡನೆ ನಿಯಾನ್, ಕ್ರಿಪ್ಟಾನ್, ಕ್ಸೆನಾನ್ ಕಂಡುಹಿಡಿದ ಮಾರಿಸ್ ಟ್ರಾವರ್ಸ್ ಇಲ್ಲಿನ ಸಂಸ್ಥೆಯ ಮೊದಲ ನಿರ್ದೇಶಕರಾದರು. 1904ರಲ್ಲಿ ನೊಬೆಲ್ ಪಡೆದಿದ್ದ ಈ ರ‍್ಯಾಮ್ಸೆ, 1907ರಲ್ಲಿ ತಾಮ್ರದ ಲವಣದ ದ್ರಾವಣಕ್ಕೆ ರೇಡಿಯಂನಿಂದ ಹೊಮ್ಮುವ ಅನಿಲ ಸೇರಿಸಿದಾಗ ಲಿಥಿಯಂ ಹುಟ್ಟಿತು ಎಂದು ಪ್ರಕಟಿಸಿದರು. ಮರುವರ್ಷ ಮೇರಿ ಕ್ಯೂರಿ ಮತ್ತು ಎಲೆನ್ ಗ್ಲೆಡಿಚ್ ಅದೇ ಪ್ರಯೋಗವನ್ನು ಪ್ಲಾಟಿನಂ ಪಾತ್ರೆಯಲ್ಲಿ ಮಾಡಿದರು. ಲಿಥಿಯಂ ಸಿಗಲಿಲ್ಲ. ರ‍್ಯಾಮ್ಸೆ ಬಳಸಿದ್ದು ಗಾಜಿನ ಪಾತ್ರೆ, ಗಾಜಿನಲ್ಲೇ ಲಿಥಿಯಂ ಅಂಶವಿರುತ್ತದೆ.

ಇಷ್ಟಕ್ಕೆ ರ‍್ಯಾಮ್ಸೆಯವರನ್ನು ನಗೆಪಾಟಲು ಮಾಡಬೇಕಿಲ್ಲ. ಯಾವ ಪಾತ್ರೆ, ಯಾವ ಲವಣ, ಏನೇನು ಮಾಡಿದೆವು ಎಂಬುದನ್ನೆಲ್ಲ ಅವರು ಬಿಚ್ಚಿಟ್ಟಿದ್ದರು. ಆದ್ದರಿಂದಲೇ ತಪ್ಪು ಮರುವರ್ಷವೇ ಸಿಕ್ಕಿಬಿತ್ತು. ನೊಬೆಲ್ ಪಡೆದವರ ಮಾತೂ ಪಾತ್ರೆ ಬದಲಾದರೆ ನಿಲ್ಲಲಿಲ್ಲ ಎನ್ನುವುದು ಇಲ್ಲಿ ಮುಖ್ಯ. ಅಂಥ ಪರೀಕ್ಷೆಯ ಗೊಡವೆಯೇ ಇಲ್ಲದ ವ್ಯಾಪಾರದಲ್ಲಿ ಏನಾಯಿತೆಂದರೆ, ಅಮೆರಿಕದಲ್ಲಿ ರೇಡಿಯಂ ಬೆರೆಸಿದ ನೀರನ್ನು ಬಾಟಲಿಗಳಲ್ಲಿ ಟಾನಿಕ್ ಎಂದು ಮಾರಿದರು. ಅದನ್ನು ವರ್ಷಗಟ್ಟಲೆ ಕುಡಿದ ಉದ್ಯಮಿ ಎಬೆನ್ ಬೈಯರ್ಸ್ ದವಡೆಯ ಮೂಳೆ ಕೊಳೆತು 1932ರಲ್ಲಿ ಸತ್ತರು. ಬಾಟಲಿಯಲ್ಲಿ ನಿಜಕ್ಕೂ ರೇಡಿಯಂ ಇತ್ತು. ಚೀಟಿಯ ಮೇಲೆ ಬರೆದ ವಸ್ತು ಒಳಗಿದ್ದ ಮಾತ್ರಕ್ಕೆ ಅದರಿಂದ ಬರುತ್ತದೆ ಎಂದು ಹೇಳಿದ ಗುಣ ನಿಜವಾಗುವುದಿಲ್ಲ.

ಆದರೂ ಧಾತು ಧಾತುವಾಗಿ ಮಾರ್ಪಡುವುದು ಕೊನೆಗೆ ಸಾಬೀತಾಯಿತಲ್ಲ, ನಮ್ಮ ರಸವಿದ್ಯೆಯವರು ಹೇಳಿದ್ದೇ ಸರಿಯಾಯಿತಲ್ಲ ಎನ್ನುವವರಿದ್ದಾರೆ. ಮಾರ್ಪಾಡು ನಿಜ. ಪೆಟ್ ಸ್ಕ್ಯಾನಿಗೆ ಬೇಕಾದ ಫ್ಲೋರಿನ್-18 ಅನ್ನು ಸೈಕ್ಲೊಟ್ರಾನಿನಲ್ಲಿ ಆಕ್ಸಿಜನ್ನಿನಿಂದಲೇ ತಯಾರಿಸುತ್ತಾರೆ. ಅದು ಸುಮಾರು 110 ನಿಮಿಷಕ್ಕೆ ಅರ್ಧವಾಗುತ್ತದೆ. ವೈಟ್‌ಫೀಲ್ಡಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡರೆ ಆಸ್ಪತ್ರೆ ತಲುಪುವಷ್ಟರಲ್ಲಿ ಎಷ್ಟು ಉಳಿದೀತೋ! ಆದರೆ ಕುಲುಮೆಯ ಬೆಂಕಿ, ಆಮ್ಲ, ಮೂಲಿಕೆ ಯಾವುದೂ ಪರಮಾಣುವಿನ ನ್ಯೂಕ್ಲಿಯಸ್ಸನ್ನು ಮುಟ್ಟಲಾರದು. ರಾಸಾಯನಿಕ ಕ್ರಿಯೆಗೆ ಸಾಲುವ ಶಕ್ತಿಯ ಲಕ್ಷಾಂತರ ಪಟ್ಟು ಅದಕ್ಕೆ ಬೇಕು. ಸರ್ನ್ ಪ್ರಯೋಗಾಲಯದ ಕಣವೇಗವರ್ಧಕ ಮಹಾಯಂತ್ರದಲ್ಲಿ 2015ರಿಂದ 2018ರವರೆಗೆ ಸೀಸದಿಂದ ಹುಟ್ಟಿದ ಚಿನ್ನ ಒಟ್ಟು 29 ಪಿಕೊಗ್ರಾಂ, ಅದೂ ಕ್ಷಣ ನಿಲ್ಲದೆ ಚೂರಾಯಿತು. ಆಸೆ ಒಂದೇ ಆಗಿದ್ದರೂ ದಾರಿ ಬೇರೆ. ಹಳಬರಿಗೆ ಈ ಕೀರ್ತಿ ಕಟ್ಟುವುದು ಅಭಿಮಾನವಾದೀತು, ವಿಜ್ಞಾನವಾಗದು.

ಪೆಂಡೆಂಟಿನಿಂದ ನಷ್ಟವೇನು, ನಂಬಿದವರಿಗೆ ನೆಮ್ಮದಿ ತಾನೇ ಎಂಬ ಮಾತೂ ಉಂಟು. 2021ರ ಡಿಸೆಂಬರಿನಲ್ಲಿ ನೆದರ್‌ಲೆಂಡ್ಸಿನ ಅಣು ಸುರಕ್ಷತಾ ಪ್ರಾಧಿಕಾರ ಇಂಥ ಹತ್ತು ಸರಕುಗಳೇ ಅಯಾನೀಕರಿಸುವ ವಿಕಿರಣ ಸೂಸುತ್ತಿವೆ ಎಂದು ಎಚ್ಚರಿಸಿತು. ವಿಕಿರಣ ತಡೆಯಲೆಂದು ಕೊಂಡದ್ದೇ ವಿಕಿರಣ ಸೂಸಿತು ಎನ್ನಿ. ಮಾರುವವರು ವಿಜ್ಞಾನದ ಪದಗಳನ್ನು ಎಷ್ಟೇ ಉದುರಿಸಲಿ, ಬೇರೆಯವರು ಮತ್ತೆ ಮಾಡಿ ನೋಡಬಹುದಾದ ಪರೀಕ್ಷೆಯ ವರದಿ ಕೇಳಿ. ಕೊಡದಿದ್ದರೆ ಕೊಳ್ಳಬೇಡಿ.